ಶಾಬ್ದಾನನ ಗಿಟಾರು, ಓಮುರ್ಜಾಕಜ್ಜನ ಎಲುಬು

"ಅಂತೂ ಈ ಭಾನುವಾರ ನೀನು ಗಿಟಾರ್ ಬಾರಿಸೋದನ್ನ ಕಣ್ಣಾರೆ ನೋಡ್ತೀವಿ ಅನ್ನು, ಶಾಬ್ದಾನ್!" ಎಂದಳು ಅಂಗಡಿಯ ಬುರುಲಕ್ಕ, ಸಕ್ಕರೆ ತೂಗುತ್ತಾ.

"ಯಾವ ಗಿಟಾರು?" ಎಂದ ಶಾಬ್ದಾನ್.

"ಯಾವ ಗಿಟಾರು ಅಂತಾನೆ, ಕೇಳಿಸ್ಕೊಂಡ್ರಾ? ಮೂವತ್ತೆಂಟು ವರ್ಷದಿಂದ ಊರವರ ಕಿವಿ ತೂತು ಮಾಡಿದೀಯಲ್ಲ, ಅದೇ ಗಿಟಾರು! ಚಾಗಿಲ್ಗಾನ್ ತಂಡದ ಸಿನಿಮಾ ಸಿಕ್ಕಿದೆಯಂತೆ. ಬಿಶ್‌ಕೆಕ್‌ನಲ್ಲಿ ಯಾವುದೋ ಕಪಾಟಿನಲ್ಲಿ ಧೂಳು ತಿಂತಾ ಬಿದ್ದಿತ್ತಂತೆ. ನಮ್ಮ ಕ್ಲಬ್ಬಿನಲ್ಲೇ ತೋರಿಸ್ತಾರೆ. ಬರೀ ಹಾಡಲ್ಲ, ವೇದಿಕೆ ಪರದೆ ಹಿಂದೆ ಅವರು ಕೂತಿದ್ದು, ಉಂಡಿದ್ದು, ಎಲ್ಲಾ ಇದೆಯಂತೆ."

ಶಾಬ್ದಾನ್ ಸಕ್ಕರೆಯನ್ನು ತಕ್ಕಡಿಯಲ್ಲೇ ಬಿಟ್ಟು, ಖಾಲಿ ಚೀಲ ಹಿಡಿದು ಹೊರಟುಹೋದ. ಅವನ ಹಿಂದೆ ಸರತಿಯಲ್ಲಿ ನಿಂತಿದ್ದ ನಾನು ಎರಡು ಮನೆಯ ಸಕ್ಕರೆ ಹೊತ್ತುಕೊಂಡು ಬಂದೆ. ಪಕ್ಕದ ಮನೆಯವನಾದ ಮೇಲೆ ಅಷ್ಟಾದರೂ ಮಾಡದಿದ್ದರೆ ಹೇಗೆ?

ಅವನ ಹೆಸರಿನಲ್ಲೇ ಶಬ್ದವಿದೆ. ಮನುಷ್ಯನಲ್ಲೂ ಅದೇ ಹೆಚ್ಚು. ಮೂವತ್ತು ವರ್ಷ ನಮ್ಮೂರು ಅಕ್-ಚಿಯ್‌ಗೆ ಟಪಾಲು ಹಂಚಿದವನು. ಕಾಗದ ಕೊಡುವ ಮೊದಲು ಕಥೆ ಹೇಳುತ್ತಿದ್ದ, ಆ ಕಥೆಯಲ್ಲಿ ಯಾವಾಗಲೂ ಒಂದು ಬೇಸ್ ಗಿಟಾರ್ ಇರುತ್ತಿತ್ತು. ಎಂಬತ್ತಾರನೇ ಇಸವಿಯ ಬೇಸಿಗೆ. ಚಾಗಿಲ್ಗಾನ್, ಅಂದರೆ ಮಿಂಚು ಎಂಬ ಹೆಸರಿನ ರಾಕ್ ತಂಡ ಲಾರಿಯಲ್ಲಿ ನಮ್ಮೂರಿಗೆ ಬಂದಿತ್ತು, ಜೊತೆಗೆ ಕ್ಯಾಮೆರಾದವರು. ತಂಡದ ಬೇಸ್ ಗಿಟಾರಿನವನು ನಮ್ಮ ಹುಳಿ ಬರಿಸಿದ ಕುದುರೆ ಹಾಲಿನ ಕುಮಿಸನ್ನು ನಗರದ ನಿಂಬೆಪಾನಕ ಎಂದುಕೊಂಡು ಮೂರು ಬಟ್ಟಲು ಇಳಿಸಿದನಂತೆ, ಹೊಟ್ಟೆ ಹಿಡಿದು ಮಲಗಿದನಂತೆ, ಕೊನೆಯ ಗಳಿಗೆಯಲ್ಲಿ ಶಾಬ್ದಾನನೇ ಅವನ ಟೋಪಿ ಹಾಕಿಕೊಂಡು ವೇದಿಕೆ ಹತ್ತಿದನಂತೆ.

ಅವನು ಆರಿಸಿಕೊಂಡ ವಾದ್ಯದಲ್ಲೇ ಅವನ ಜಾಣತನ ಇತ್ತು. ಹಾಡಿದೆ ಎಂದಿದ್ದರೆ, ಎಲ್ಲಿ ಹಾಡು ನೋಡೋಣ ಎನ್ನುತ್ತಿದ್ದರು. ಡ್ರಮ್ ಬಾರಿಸಿದೆ ಎಂದಿದ್ದರೆ ಯಾವುದಾದರೂ ಮದುವೆಯಲ್ಲಿ ತಪ್ಪಲೆ ಕವುಚಿ ಎದುರಿಗಿಡುತ್ತಿದ್ದರು. ಬೇಸ್ ಗಿಟಾರಿನ ಸದ್ದು ನಮ್ಮೂರಿನಲ್ಲಿ ಯಾರಿಗೂ ಬೇರೆಯಾಗಿ ಕೇಳಿಸಿರಲೇ ಇಲ್ಲ. ಹೊಟ್ಟೆಯೊಳಗೆ ಗುಡುಗುಡು ಎಂದದ್ದನ್ನು ಎಲ್ಲರೂ ತಂತಮ್ಮ ಕುಮಿಸಿನ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ಆದರೆ ಸುಳ್ಳು ಹುಟ್ಟಿದ್ದು ಜಂಬಕ್ಕಲ್ಲ. ಕಾಲಿಚಾಳಿಗಾಗಿ.

ಆಗ ಅವಳಿಗೆ ಹತ್ತೊಂಬತ್ತು. ಕೂತದ್ದು ಕೊನೆಯ ಸಾಲು. ಕ್ಯಾಮೆರಾದವರು ವೇದಿಕೆಗೆ ಹೊಗೆ ಬೇಕು ಎಂದಿದ್ದರು. ಹೊಗೆ ತಾನೇ ಎಂದು ಆಗಿನ ಕ್ಲಬ್ ಮುಖ್ಯಸ್ಥ ಕಾಸಿಮಾಲಿ ತನ್ನ ಮುದಿ ತಾಯಿಯ ಕೈಯಲ್ಲಿ ಮೂರು ಹೊರೆ ಆರ್ಚಾ ಸೊಪ್ಪು ಸುಡಿಸಿದ. ಆರ್ಚಾ ಹೊಗೆ ನಮ್ಮಲ್ಲಿ ದೃಷ್ಟಿ ತೆಗೆಯುವುದಕ್ಕೆ. ಗಿಟಾರುಗಳು ಅತ್ತ ಕಿರುಚುತ್ತಿದ್ದರೆ ಇತ್ತ ಮುಂದಿನ ನಾಲ್ಕು ಸಾಲು ಅಂಗೈ ಚಾಚಿ ಆಶೀರ್ವಾದಕ್ಕೆ ಕೂತುಬಿಟ್ಟಿತು. ಆ ಹೊಗೆಯೊಳಗೆ ಅಗಲ ಟೋಪಿಯ, ಮುಖದ ಮೇಲೆ ಕೂದಲು ಬಿಟ್ಟ ಒಬ್ಬ ಬಾಗಿ ಬಾಗಿ ಏನೋ ಬಾರಿಸುತ್ತಿದ್ದ. ಮರುದಿನ ಕಾಲುವೆಯ ಹತ್ತಿರ ಕಾಲಿಚಾ ಗೆಳತಿಗೆ ಹೇಳಿದಳು: "ಆ ಟೋಪಿಯವನು ಯಾರೇ ಆಗಿರಲಿ, ಕರೆದರೆ ಅವನ ಕುದುರೆ ಹತ್ತಿ ಹೋಗ್ತೀನಿ." ಗೆಳತಿ ಶಾಬ್ದಾನನ ತಂಗಿ. ಸಂಜೆ ಶಾಬ್ದಾನ್ ಕಾಲುವೆಗೆ ಬಂದ.

"ಆ ಟೋಪಿಯವನು ನಾನೇ."

"ಟೋಪಿ ಎಲ್ಲಿ?"

"ಸರ್ಕಾರದ್ದು. ವಾಪಸ್ ತಗೊಂಡ್ರು."

ಮೂವರು ಮಕ್ಕಳು, ಏಳು ಮೊಮ್ಮಕ್ಕಳು, ಸೇಬಿನ ತೋಟ, ತಗಡಿನ ಮಾಡಿನ ಮನೆ, ಎಲ್ಲವನ್ನೂ ಅವನು ಆ ಟೋಪಿಯ ನೆರಳಲ್ಲೇ ಕಟ್ಟಿದ್ದ. ಈಗ ಟೋಪಿ ವಾಪಸ್ ಬರುತ್ತಿತ್ತು.

ಶಾಬ್ದಾನ್ ಅವತ್ತೇ ಕ್ಲಬ್ಬಿಗೆ ಹೋದ. ಈಗಿನ ಮುಖ್ಯಸ್ಥೆ ಮೀರ್ಗುಲ್, ಇಪ್ಪತ್ತೇಳರ ಚುರುಕು ಹುಡುಗಿ. ಸಕ್ಕರೆ ಕೊಡುವ ನೆಪದಲ್ಲಿ ನಾನೂ ಹಿಂದೆ ಹೋದೆ.

"ಮೀರ್ಗುಲ್, ಮಗಳೇ, ಆ ಸಿನಿಮಾ ಬೇಡ. ಛಾವಣಿ ಸರಿಯಿಲ್ಲ."

"ಹೋದ ತಿಂಗಳು ನೀವೇ ನಿಂತು ಹಾಕಿಸಿದ್ರಲ್ಲ, ಮಾವ?"

"ಅದಕ್ಕೇ ಹೇಳ್ತಿರೋದು. ಆಮೇಲೆ, ಕರೆಂಟು ಹೋಗತ್ತೆ."

"ಜನರೇಟರ್ ಇದೆ."

ಶಾಬ್ದಾನ್ ಸುತ್ತ ನೋಡಿದ. ದನಿ ತಗ್ಗಿಸಿದ. "ನೋಡು, ನಾನು ಅಲ್ಲೇ ಇದ್ದವನು, ನನಗೆ ಗೊತ್ತು. ಆ ಪರದೆ ಹಿಂದಿನ ದೃಶ್ಯಗಳಿವೆಯಲ್ಲ... ಹೆಂಗಸರು ಮಕ್ಕಳು ನೋಡೋ ಅಂಥದ್ದಲ್ಲ."

ಈ ಮಾತನ್ನು ಯಾರಿಗೂ ಹೇಳಲಿಲ್ಲ ಎಂದು ಮೀರ್ಗುಲ್ ರೊಟ್ಟಿ ಮುಟ್ಟಿ ಆಣೆ ಮಾಡುತ್ತಾಳೆ. ನಾನಂತೂ ನನ್ನ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಆದರೂ ಶುಕ್ರವಾರದ ಹೊತ್ತಿಗೆ, ಬರುವುದಿಲ್ಲ ಎಂದಿದ್ದವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ತೆಗೆದಿಟ್ಟರು. ಶನಿವಾರ ಪಕ್ಕದ ಕಣಿವೆಯಿಂದ ಎರಡು ವ್ಯಾನ್ ಜನ ಬರುತ್ತೇವೆಂದು ಹೇಳಿಕಳಿಸಿದರು: ಒಂದು ವ್ಯಾನ್ ಸಿನಿಮಾ ನೋಡಲು, ಇನ್ನೊಂದು ಖಂಡಿಸಲು. ಖಂಡಿಸುವ ವ್ಯಾನೇ ಮೊದಲು ಬಂತು. ಒಳ್ಳೆಯ ಸೀಟು ಬೇಕಿತ್ತಲ್ಲ.

ಊರ ಹಿರಿಯರ ನ್ಯಾಯಸಭೆಯ ಅಧ್ಯಕ್ಷ ಓಮುರ್ಜಾಕಜ್ಜ, ವಯಸ್ಸು ಎಂಬತ್ತೆಂಟು, ಕೋಲು ಕುಟ್ಟಿ ಆಜ್ಞೆ ಮಾಡಿದ: "ಮೊದಲನೇ ಸಾಲು ನಮಗೆ. ಕೆಟ್ಟದ್ದೇನಾದ್ರೂ ಇದ್ರೆ ಮೊದಲು ನಮ್ಮ ಕಣ್ಣಿಗೆ ಬೀಳಲಿ. ನಮ್ಮ ಕಣ್ಣು ಹೇಗೂ ಹೋಗಿವೆ."

ಹಾಗೆ ಮೊದಲ ಸಾಲಿನ ಒಂದು ತುದಿಯಲ್ಲಿ ಓಮುರ್ಜಾಕಜ್ಜ ಕೂತ. ಇನ್ನೊಂದು ತುದಿಯಲ್ಲಿ ಕಾಸಿಮಾಲಿ, ಅದೇ ಹಳೆಯ ಕ್ಲಬ್ ಮುಖ್ಯಸ್ಥ, ಎಂಬತ್ತೆರಡು. ನಡುವೆ ಹನ್ನೊಂದು ಮುದುಕರು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಾದ ಇವರಿಬ್ಬರು ಮಾತು ಬಿಟ್ಟು ಮೂವತ್ತೆಂಟು ವರ್ಷ. ಕಾರಣ ಊರಿಗೆಲ್ಲ ಗೊತ್ತು. ನಮ್ಮಲ್ಲಿ ಕುರಿ ಕೊಯ್ದರೆ ಮಾಂಸ ಬಡಿಸುವುದಿಲ್ಲ, ಮರ್ಯಾದೆ ಬಡಿಸುತ್ತಾರೆ. ಒಂದೊಂದು ಎಲುಬಿಗೂ ಒಬ್ಬೊಬ್ಬ ಯಜಮಾನ. ಸೊಂಟದ ಎಲುಬು, ಜಂಬಾಷ್, ಪಂಕ್ತಿಯ ಹಿರಿಯನಿಗೆ. ಚಾಗಿಲ್ಗಾನ್ ಬಂದ ದಿನ ಕಾಸಿಮಾಲಿ ಕುರಿ ಕೊಯ್ದು ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ತಂಡಕ್ಕೂ, ತನ್ನ ಮನೆಯಲ್ಲಿ ಊರ ಹಿರಿಯರಿಗೂ ಊಟ ಹಾಕಿದ್ದ. ಓಮುರ್ಜಾಕ್ ಆಗ ಸಾಮೂಹಿಕ ಫಾರಮ್ಮಿನ ಅಧ್ಯಕ್ಷ. ಅವನ ಮುಂದೆ ಜಂಬಾಷ್ ಬರಬೇಕಾದಲ್ಲಿ ಬಂದದ್ದು ಮೊಣಕಾಲ ಕೆಳಗಿನ ಒಂದು ಬಡಕಲು ಎಲುಬು. ಓಮುರ್ಜಾಕ್ ಚಾಕು ಒರೆಸಿ ಜೇಬಿಗಿಟ್ಟುಕೊಂಡು ಎದ್ದುಹೋದವನು ಮತ್ತೆ ಆ ಮನೆಯ ರೊಟ್ಟಿ ಮುರಿದಿಲ್ಲ. ಕಾಸಿಮಾಲಿಯ ಹೆಂಡತಿ ತೀರಿಕೊಂಡಾಗಲೂ ರಸ್ತೆಯ ಆಚೆ ಬದಿಯಲ್ಲಿ ನಿಂತೇ ಪ್ರಾರ್ಥನೆ ಮುಗಿಸಿದ.

ಭಾನುವಾರ ಮಧ್ಯಾಹ್ನ, ಕಿಟಕಿಗಳಿಗೆ ಕಂಬಳಿ ಹೊದಿಸಿ ಸಿನಿಮಾ ಶುರುವಾಯಿತು.

ಪರದೆಯ ಮೇಲೆ ಮೊದಲು ಕಂಡದ್ದು ತಂಡವಲ್ಲ, ನಾವು. ಕ್ಯಾಮೆರಾ ಸಭೆಯ ಮೇಲೆ ನಿಧಾನವಾಗಿ ಹರಿಯುತ್ತಿತ್ತು. ಕಪ್ಪು ಮೀಸೆ, ತೆಳು ಸೊಂಟ, ಬಿಳಿ ಕಲ್ಪಾಕ್ ಟೋಪಿಗಳು, ತೊಡೆಯ ಮೇಲೆ ಮಲಗಿದ ಮಕ್ಕಳು.

"ಅಯ್ಯೋ, ನಮ್ಮಮ್ಮ! ನೋಡೇ, ನಮ್ಮಮ್ಮ ನಗ್ತಿದಾಳೆ!"

"ಆ ಉಣ್ಣೆ ಶಾಲು ನಂದು! ಅವತ್ತೇ ಕಳೆದುಹೋಗಿದ್ದು! ಯಾರದು ಹೊದ್ಕೊಂಡಿರೋಳು?"

"ಆ ಕುರ್ಚಿ ಎಷ್ಟು ಗಟ್ಟಿ ಗೊತ್ತಾ, ಇವತ್ತಿಗೂ ನಮ್ಮನೇಲಿ..." ಎಂದು ಶುರು ಮಾಡಿದ ಮೇಷ್ಟ್ರು ಕೆಮ್ಮಿ ಸುಮ್ಮನಾದರು.

ತೀರಿಕೊಂಡವರ ಮುಖ ಬಂದಾಗೆಲ್ಲ ಸಭೆ ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡು ಆಮೀನ್ ಎನ್ನುತ್ತಿತ್ತು. ಗಾಯಕ "ಬೆಟ್ಟದಾಚೆ ಮಿಂಚಿದರೆ ನಾನೇ ಅಂದುಕೋ" ಎಂದು ಅರಚುತ್ತಿದ್ದ. ನಾವು ಆಮೀನ್, ಆಮೀನ್ ಎನ್ನುತ್ತಿದ್ದೆವು. ರಾಕ್ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ತಾಳ ನಾನು ಕೇಳಿಲ್ಲ. ಖಂಡಿಸಲು ಬಂದವರೂ ಕಣ್ಣೊರೆಸಿಕೊಂಡರು. ಅವರ ಕಣಿವೆಯ ಸತ್ತವರೂ ಇದ್ದರು ಅದರಲ್ಲಿ.

ಆಮೇಲೆ ಹೊಗೆ. ಹೊಗೆಯಲ್ಲಿ ಟೋಪಿ.

"ನೋಡ್ರೀ, ನೀವು!" ಕಾಲಿಚಾ ಗಂಡನ ಪಕ್ಕೆ ತಿವಿದಳು. "ಎಷ್ಟು ತೆಳ್ಳಗಿದ್ರಿ!"

"ಹೂಂ."

"ಆ ಸೊಂಟ ಎಲ್ಲಿ ಹೋಯ್ತು?"

"ನಿನ್ನ ಅಡುಗೆ," ಎಂದ ಶಾಬ್ದಾನ್. ಹೊಗೆ ಅಷ್ಟು ದಟ್ಟವಾಗಿತ್ತು. ಟೋಪಿಯ ಕೆಳಗೆ ಶಾಬ್ದಾನ್ ಏನು, ಖಂಡಿಸುವ ವ್ಯಾನಿನ ಚಾಲಕನೂ ಇರಬಹುದಿತ್ತು. ಒಂಬತ್ತು ಹಾಡು ಮುಗಿದವು. ಶಾಬ್ದಾನನ ಬೆನ್ನು ಕುರ್ಚಿಗೆ ಒರಗಿತು.

ಹತ್ತನೆಯ ಹಾಡಿಗೆ ದೃಶ್ಯ ಬದಲಾಯಿತು. ವೇದಿಕೆಯ ಪರದೆ ಹಿಂದಿನ ಕೋಣೆ, ಹಾಡು ಮಾತ್ರ ಮುಂದುವರಿದಿತ್ತು. ಅಲ್ಲಿನ ಮಾತು ಕೇಳುತ್ತಿರಲಿಲ್ಲ. ಹೊಗೆ ಇಲ್ಲ, ಬೆಳಕು ಝಗಝಗ. ನೆಲದ ಮೇಲೆ ಊಟದ ಬಟ್ಟೆ ಹಾಸಿದೆ. ಉದ್ದ ಮೂಗಿನ, ಕೆಂಪು ಕೂದಲಿನ ಒಬ್ಬ ನಗರದವನು ಆ ಅಗಲ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದಾನೆ. ಅವನ ಪಕ್ಕದಲ್ಲಿ, ಹೆಗಲ ಮೇಲೆ ಟವಲ್ ಹಾಕಿಕೊಂಡು, ಇಪ್ಪತ್ಮೂರು ವರ್ಷದ ನಮ್ಮ ಶಾಬ್ದಾನ್.

ಶಾಬ್ದಾನ್ ಕಣ್ಣು ಮುಚ್ಚಿಕೊಂಡ.

ಆದರೆ ಕೆಂಪು ಕೂದಲಿನವನನ್ನು ಮುದುಕರ ಸಾಲು ನೋಡಲೇ ಇಲ್ಲ. ಯಾಕೆಂದರೆ ಅಷ್ಟರಲ್ಲಿ ಮಾಂಸದ ತಟ್ಟೆ ಬಂತು. ಹದಿಮೂರು ಕೋಲುಗಳು ಒಟ್ಟಿಗೆ ನೆಲಕ್ಕೂರಿದವು, ಹದಿಮೂರು ಗಡ್ಡಗಳು ಮುಂದಕ್ಕೆ ಬಾಗಿದವು. ಪರದೆಯ ಅಂಚಿನಿಂದ ಗಡಿಯಾರ ಕಟ್ಟಿದ ಒಂದು ಕೈ ಬಂತು. ಕೈಯಲ್ಲೊಂದು ಎಲುಬು. ಆ ಎಲುಬನ್ನು ಶಾಬ್ದಾನನ ಕೈಗಿಟ್ಟು ಕೈ ಮಾಯವಾಯಿತು. ಶಾಬ್ದಾನ್ ಕಚ್ಚಿದ. ಕೊಬ್ಬು ಮೊಣಕೈವರೆಗೆ ಇಳಿಯಿತು.

"ನಿಲ್ಲಿಸು!" ಓಮುರ್ಜಾಕಜ್ಜ ಎದ್ದು ನಿಂತಿದ್ದ. "ಹಿಂದಕ್ಕೆ ಹೋಗು! ಹಿಂದಕ್ಕೆ!"

ಮೀರ್ಗುಲ್ ಹಿಂದಕ್ಕೆ ಹೋದಳು.

"ನಿಲ್ಲಿಸು! ಅದು ಯಾವ ಎಲುಬು? ಕಣ್ಣಿದ್ದವರು ಹೇಳಿ!"

"ಜಂಬಾಷ್," ಎಂದಿತು ಸಭೆ, ಒಂದೇ ಉಸಿರಿನಲ್ಲಿ.

"ನನ್ನ ಜಂಬಾಷ್!" ಎಂದ ಓಮುರ್ಜಾಕಜ್ಜ, ಕಳೆದುಹೋದ ಮಗ ರೈಲಿನಿಂದ ಇಳಿದಂತೆ. "ನಲವತ್ತು ವರ್ಷ ಆಯ್ತಲ್ಲೋ, ಎಲ್ಲಿದ್ಯೋ! ಆ ಕೈ ಯಾರದು? ಕಾಸಿಮಾಲಿ, ನಿಂದೇ! ನಿನ್ನದೇ ಗಡಿಯಾರ!"

"ಆ ಗಡಿಯಾರ ಆಗ ಊರಲ್ಲಿ ಎಲ್ಲರ ಹತ್ರ ಇತ್ತು. ನಿನ್ನ ಹತ್ರಾನೂ ಇತ್ತು!" ಎಂದ ಕಾಸಿಮಾಲಿ. ಮೂವತ್ತೆಂಟು ವರ್ಷಗಳಲ್ಲಿ ಇಬ್ಬರ ನಡುವೆ ನಡೆದ ಮೊದಲ ಸಂಭಾಷಣೆ ಇದು.

"ನನ್ನ ಜಂಬಾಷನ್ನ ನಾನೇ ಅವನಿಗೆ ಕೊಟ್ಟೆ ಅಂತೀಯಾ?"

ದೃಶ್ಯವನ್ನು ಆರು ಸಲ ನೋಡಿದೆವು. ಬುರುಲಕ್ಕ ಪರದೆಯವರೆಗೂ ಹೋಗಿ ಬೆರಳಿಟ್ಟು ತೋರಿಸಿದಳು. ಓಮುರ್ಜಾಕಜ್ಜ ಅಲ್ಲೇ ನ್ಯಾಯಸಭೆ ಕರೆದ. ಸದಸ್ಯರೆಲ್ಲ ಹೇಗೂ ಮೊದಲ ಸಾಲಲ್ಲೇ ಇದ್ದರು.

"ವಿಷಯ ಸ್ಪಷ್ಟ ಇದೆ. ಶಾಬ್ದಾನ್ ಗಿಟಾರ್ ಬಾರಿಸಿದ. ಬಾರಿಸಿದ ಮೇಲೆ ಅವನು ತಂಡದವನು. ತಂಡದವನು ಅಂದ್ರೆ ಅತಿಥಿ. ಅತಿಥಿಗೆ ಎಲುಬು ಕೊಡೋನು ಮನೆ ಯಜಮಾನ. ಅಂದ್ರೆ ಕಾಸಿಮಾಲಿ ಬೇಕಂತಲೇ ನನ್ನ ಎಲುಬನ್ನ ಮೀಸೆ ಬರದ ಹುಡುಗನಿಗೆ ಕೊಟ್ಟ. ಹೌದೋ ಅಲ್ವೋ?"

"ಹೆಗಲ ಮೇಲೆ ಟವಲ್ ಇದೆ ನೋಡ್ರೋ!" ಕಾಸಿಮಾಲಿ ಕೋಲೆತ್ತಿ ಪರದೆ ತೋರಿಸಿದ. "ಟವಲ್ ಹಾಕೋನು ಕೈಗೆ ನೀರು ಹಾಕೋ ಆಳು. ಅವನಿಗೆ ನಾನ್ಯಾಕೆ ಜಂಬಾಷ್ ಕೊಡಲಿ?"

"ಬೆವರು ಒರೆಸ್ಕೊಳ್ಳೋಕೆ ಟವಲ್! ಒಂಬತ್ತು ಹಾಡು ಬಾರಿಸಿದಾನಲ್ಲ!" ಎಂದ ಓಮುರ್ಜಾಕಜ್ಜ.

ಸಭೆಗೆ ಟವಲಿನ ವಾದ ಹಿಡಿಸಿತು. ಬೆವರದೆ ಯಾರು ಗಿಟಾರ್ ಬಾರಿಸುತ್ತಾರೆ? ಕಾಸಿಮಾಲಿ ಕುರ್ಚಿಗಳನ್ನು ಹಿಡಿದು ಹಿಡಿದು ಶಾಬ್ದಾನನ ಸಾಲಿಗೆ ಬಂದ.

"ಮಗಾ, ನನಗಿನ್ನೆಷ್ಟು ದಿನ ಇದೆಯೋ ಗೊತ್ತಿಲ್ಲ. ಇವನ ಜೊತೆ ಒಂದು ಸಲ ಚಹಾ ಕುಡಿದು ಹೋಗೋಣ ಅಂತ ಆಸೆ. ನೀನೇ ಹೇಳು. ಅವತ್ತು ನೀನು ಅತಿಥಿಯಾಗಿ ಕೂತಿದ್ಯೋ, ನೀರು ಹಾಕೋಕೆ ಬಂದಿದ್ಯೋ?"

ಟೋಪಿ ಮೊಣಕಾಲ ಮೇಲಿಟ್ಟುಕೊಂಡವನನ್ನು ಯಾರೂ ಗಮನಿಸಿಲ್ಲ ಎಂಬುದು ಶಾಬ್ದಾನನಿಗೆ ಆಗಲೇ ತಿಳಿದಿತ್ತು. ಅತಿಥಿ ಎಂದರೆ ಸಾಕು, ಟೋಪಿ ಶಾಶ್ವತವಾಗಿ ಅವನದು. ಕಾಲಿಚಾ ಪಕ್ಕದಲ್ಲೇ ಕೂತಿದ್ದಳು. ಅವನು ಅವಳನ್ನು ನೋಡಿದ. ಕಾಸಿಮಾಲಿಯ ಬಿಳಿ ಗಡ್ಡ ನೋಡಿದ.

"ನೀರು ಹಾಕೋಕೆ," ಎಂದ.

"ಜೋರಾಗಿ!" ಎಂದರು ಹಿಂದಿನವರು.

"ನೀರು ಹಾಕೋಕೆ ಬಂದಿದ್ದೆ! ಹಾಡೋವಾಗ ಪರದೆ ಹಿಂದೆ ಪ್ಲಗ್ ಹಿಡ್ಕೊಂಡು ನಿಂತಿದ್ದೆ, ಬಿಟ್ಟರೆ ಕಳಚಿಕೊಳ್ಳೋದು. ಗಿಟಾರ್ ಮುಟ್ಟಿಯೂ ನೋಡಿಲ್ಲ. ಆ ಕೈ ಸಿನಿಮಾದವರ ದೊಡ್ಡ ಯಜಮಾನಂದು, ನಗರದವನು. ಚಿತ್ರದಲ್ಲಿ ಜಾಗ ಖಾಲಿ ಕಾಣತ್ತೆ, ಕೂತ್ಕೋ, ಇದು ದೊಡ್ಡದಿದೆ, ಕಚ್ಚು ಅಂದ. ಅವನಿಗೆ ಜಂಬಾಷ್ ಯಾವುದು ಬಾಲ ಯಾವುದು ಏನು ಗೊತ್ತು? ನನಗೆ ಗೊತ್ತಿತ್ತು. ಹಸಿವಾಗಿತ್ತು. ಕಚ್ಚಿದೆ."

"ಅಂದ್ರೆ ಇಷ್ಟು ವರ್ಷ ನಮಗೆ ಹೇಳಿದ್ದು ಪ್ಲಗ್ಗಿನ ಕಥೇನಾ!" ಎಂದಳು ಬುರುಲಕ್ಕ. ನಗು ಸಾಲಿನಿಂದ ಸಾಲಿಗೆ ಹಬ್ಬಿ ಖಂಡಿಸುವ ವ್ಯಾನಿನವರನ್ನೂ ಮುಟ್ಟಿತು.

ಮುಂದಿನ ಸಾಲಿನಲ್ಲಿ ಮಾತ್ರ ನಗು ಇರಲಿಲ್ಲ.

"ಕಾಸಿಮಾಲಿ," ಎಂದ ಓಮುರ್ಜಾಕಜ್ಜ. "ಅವತ್ತೇ ಹೇಳಬಾರದಿತ್ತಾ?"

"ನೀನು ಕೂತಿದ್ರೆ ತಾನೇ ಹೇಳೋದು? ಎಲುಬು ಎಲ್ಲಿ ಹೋಯ್ತು ಅಂತ ನನಗೇ ಗೊತ್ತಿರಲಿಲ್ಲ. ನಾಯಿ ಕದ್ದಿದೆ ಅಂತ ನಾಯಿಗೆ ಹೊಡೆದೆ."

"ಯಾವ ನಾಯಿ? ಆ ಹಳದಿದಾ?"

"ಹೂಂ. ಹಳದಿದು."

"ಪಾಪ. ಒಳ್ಳೇ ನಾಯಿ ಅದು."

ಇಬ್ಬರೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡರು. ಆಮೇಲೆ ಓಮುರ್ಜಾಕಜ್ಜ ತೀರ್ಪು ಕೊಟ್ಟ: ಶಾಬ್ದಾನ್ ಒಂದು ಕುರಿ ಕೊಯ್ಯಬೇಕು, ಊರೆದುರು ಜಂಬಾಷ್ ಅಜ್ಜನ ಮುಂದೆ ಇಡಬೇಕು.

"ಅಜ್ಜ, ಹಲ್ಲಿಲ್ಲವಲ್ಲ ನಿಮಗೆ?" ಎಂದೆ ನಾನು.

"ಎದುರಿಗಿಟ್ಕೊಂಡು ನೋಡ್ತೀನೋ. ಮರ್ಯಾದೆಗೆ ಹಲ್ಲು ಬೇಕಾ?"

ಈ ಗಲಾಟೆಯಲ್ಲಿ ಉಳಿದ ಸಿನಿಮಾ ಯಾರಿಗೂ ಕಾಣಲಿಲ್ಲ. ನಾಲ್ಕು ಗಂಟೆಗೆ ಮತ್ತೆ ಹಾಕುತ್ತೇನೆ ಎಂದು ಮೀರ್ಗುಲ್ ಕೂಗಿದಳು. ಶಾಬ್ದಾನ್ ಪಕ್ಕಕ್ಕೆ ತಿರುಗಿದಾಗ ಕಾಲಿಚಾಳ ಕುರ್ಚಿ ಖಾಲಿಯಿತ್ತು.

ನಮ್ಮ ಎರಡು ಮನೆಗಳಿಗೆ ಅಂಗಳದ ಗೋಡೆ ಒಂದೇ. ಕದ್ದು ಕೇಳುವ ಅಭ್ಯಾಸ ನನಗಿಲ್ಲ. ಗೋಡೆಯ ಪಕ್ಕ ಸೌದೆ ಜೋಡಿಸುವ ಅಭ್ಯಾಸ ಇದೆ.

ಕಾಲಿಚಾ ಅಂಗಳದ ಹಲಗೆಯ ಮೇಲೆ ಕೂತಿದ್ದಳು. ಶಾಬ್ದಾನ್ ಬಾಗಿಲಲ್ಲೇ ನಿಂತ.

"ನನಗೆ ಕೊಬ್ಬು ಆಗಲ್ಲ ಅಂತಿದ್ರಿ," ಎಂದಳು ಅವಳು.

"ಏನು?"

"ಎಲ್ಲಾ ಮದುವೆ, ಎಲ್ಲಾ ತಿಥಿ. ನಿಮ್ಮ ಪಾಲಿನ ಮಾಂಸ ಕಟ್ಟಿಸ್ಕೊಂಡು ಬಂದು, ಕೊಬ್ಬು ನನಗೆ ಆಗಲ್ಲ, ನೀನೇ ತಿನ್ನು ಅಂತಿದ್ರಿ. ಅಲ್ಲಿ ನೋಡಿದ್ರೆ ತೋಳ ತಿಂದ ಹಾಗೆ ತಿಂತಿದೀರಿ!"

"ಆಗ... ಚಿಕ್ಕ ವಯಸ್ಸು."

"ಸುಳ್ಳು."

"ಹೂಂ. ಸುಳ್ಳು." ಶಾಬ್ದಾನ್ ತನ್ನ ಕಲ್ಪಾಕ್ ತೆಗೆದು ಕೈಯಲ್ಲಿ ತಿರುಗಿಸಿದ. "ಕಾಲಿಚಾ, ಆ ಗಿಟಾರಿಂದು..."

"ಎಲ್ಲರೂ ಎಲುಬು ನೋಡ್ತಿದ್ರು. ನಾನು ಟೋಪಿ ನೋಡಿದೆ. ಕಾಸಿಮಾಲಿ ಮಾವ ನಿಮ್ಮನ್ನ ಕೇಳೋ ಮೊದಲೇ ನನಗೆ ಗೊತ್ತಾಗಿತ್ತು. ನೀವೇನು ಹೇಳ್ತೀರಿ ಅಂತ ಕಾಯ್ತಿದ್ದೆ." ಈ ಕಡೆ ನಾನು ಸೌದೆ ಅಲುಗಿಸಲಿಲ್ಲ. "ಅವನ ಹೆಸರೇನು?"

"ಯಾರದು?"

"ಆ ಕೆಂಪು ಕೂದಲಿನವಂದು."

"ಗೆನ್ನಾಡಿ."

"ಈಗೆಲ್ಲಿದಾನೆ?"

"ನನಗೇನು ಗೊತ್ತು!"

"ಮದುವೆ ಆಗಿತ್ತಾ?"

"ಕಾಲಿಚಾ!"

"ಕೇಳಿದೆ ಅಷ್ಟೇ. ಮೂವತ್ತೆಂಟು ವರ್ಷ ಆ ಟೋಪಿಗೆ ಚಹಾ ಮಾಡಿಕೊಟ್ಟಿದೀನಿ, ಅಷ್ಟು ಕೇಳೋ ಹಕ್ಕಿಲ್ವಾ?" ಅವಳು ಎದ್ದು ತಲೆವಸ್ತ್ರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಬೂಟು ಹಾಕಿಕೊಂಡಳು.

ಶಾಬ್ದಾನನ ದನಿ ಸಣ್ಣಗಾಯಿತು. "ಎಲ್ಲಿಗೆ? ನಿನ್ನ ತಮ್ಮನ ಮನೆಗಾ?"

"ನಾಲ್ಕು ಗಂಟೆ ಆಟಕ್ಕೆ."

"ಗೆನ್ನಾಡೀನ ನೋಡೋಕಾ?"

"ಆ ಮೂಗನ್ನ ಯಾರು ನೋಡ್ತಾರೆ! ನೀವು ಆ ಪರದೆ ಮೇಲೆ ಒಂದೂವರೆ ನಿಮಿಷ ಇದೀರಿ. ಅಷ್ಟು ಹೊತ್ತೂ ನಾನು ಅವನ ಟೋಪಿ ನೋಡ್ತಾ ಕೂತುಬಿಟ್ಟೆ. ಇಪ್ಪತ್ಮೂರು ವರ್ಷದ ನಿಮ್ಮ ಮುಖಾನ ಅವತ್ತೂ ಸರಿಯಾಗಿ ನೋಡಲಿಲ್ಲ, ಇವತ್ತೂ ನೋಡಲಿಲ್ಲ. ಬರ್ತೀರೋ, ಒಬ್ಬಳೇ ಹೋಗ್ಲಾ?"

"ಬಂದೆ, ಬಂದೆ!"

ನಾನು ಗೋಡೆಯ ಮೇಲೆ ತಲೆ ಎತ್ತಿದೆ. ಕಾಲಿಚಾ ಆಗಲೇ ರಸ್ತೆಯಲ್ಲಿದ್ದಳು. ಗಂಡ ಹಿಂದೆ ಓಡಿದ, ನಾಲ್ಕು ಹೆಜ್ಜೆ ಹೋದ ಮೇಲೆ ಒಂದು ಕಾಲಲ್ಲಿ ಬೂಟು ಇನ್ನೊಂದರಲ್ಲಿ ಚಪ್ಪಲಿ ಇರುವುದು ಕಂಡು ವಾಪಸ್ ಓಡಿಬಂದ. ಅವಳು ತಿರುಗಿ ನೋಡಲಿಲ್ಲ. ಆದರೆ ಪಾಪ್ಲರ್ ಮರದ ಕೆಳಗೆ ನಿಂತಳು.